ಪ್ಯಾಕ್ ಸತ್ತಿದೆಯೋ, ಸುಸ್ತಾಗಿದೆಯೋ? ಹಳೆಯ ಕಾರ್ಡ್‌ಲೆಸ್ ಉಪಕರಣಗಳ ಬ್ಯಾಟರಿ ದೋಷ ಪತ್ತೆ ಮತ್ತು ಮರುಜೋಡಣೆ

ಹಾಸನದ ಬಡಗಿಯ ಡ್ರಿಲ್ ಆಗಲಿ, ಮೂಡಿಗೆರೆ ತೋಟದಲ್ಲಿ ಮರಗಸಿಗೆ ಬಳಸುವ ಪುಟ್ಟ ಗರಗಸವಾಗಲಿ, ಮೋಟಾರಿಗೆ ಇನ್ನೂ ವರ್ಷಗಟ್ಟಲೆ ಆಯುಸ್ಸಿರುವಾಗಲೇ ಬ್ಯಾಟರಿ ಪ್ಯಾಕ್ ಕೈಕೊಡುತ್ತದೆ. ಅಂಗಡಿಯಲ್ಲಿ ಕೇಳಿದರೆ ಆ ಮಾದರಿ ಈಗ ಬರುವುದಿಲ್ಲ ಎನ್ನುತ್ತಾರೆ. ಬಂದರೂ ಬೆಲೆ ಹೊಸ ಉಪಕರಣದ್ದಕ್ಕೆ ಹತ್ತಿರ ಹತ್ತಿರ. ಒಳಗಿನ ಸೆಲ್‌ಗಳನ್ನಷ್ಟೇ ಬದಲಿಸೋಣ ಎಂಬ ಯೋಚನೆ ಅಲ್ಲಿಂದ ಹುಟ್ಟುತ್ತದೆ. ಯೋಚನೆ ಸರಿಯಾದದ್ದೇ. ಆದರೆ ಹೀಗೆ ರಿಪೇರಿಗೆ ಬರುವ ಪ್ಯಾಕ್‌ಗಳಲ್ಲಿ ನಿರಪರಾಧಿಗಳೂ ಇರುತ್ತವೆ. ಟರ್ಮಿನಲ್ ಕಿಲುಬು, ಸುಟ್ಟ ಚಾರ್ಜರ್, ಸವೆದ ಟ್ರಿಗರ್ ಸ್ವಿಚ್ ಮಾಡಿದ ತಪ್ಪಿಗೆ ಪ್ಯಾಕ್ ಹೊಟ್ಟೆ ಕೊಯ್ಸಿಕೊಳ್ಳುತ್ತದೆ. ತಪ್ಪು ಪ್ಯಾಕಿನದೇ ಎಂದು ಮೀಟರ್ ಹೇಳುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ಮಲ್ಟಿಮೀಟರ್, ವಾಹನದ ಹೆಡ್‌ಲೈಟಿನ 12 ವೋಲ್ಟ್ 55 ವ್ಯಾಟ್ ಬಲ್ಬ್ ಎರಡು, ನಕ್ಷತ್ರ ಮೂತಿಯ ಸ್ಕ್ರೂಡ್ರೈವರ್, ಬರೆದಿಟ್ಟುಕೊಳ್ಳಲು ಕಾಗದ.

## ಮುಟ್ಟುವ ಮುನ್ನ

ಉಂಗುರ, ಬಳೆ, ಕೈಗಡಿಯಾರ, ಕತ್ತಿನ ಸರ ತೆಗೆದಿಡಿ. ಬ್ಯಾಟರಿಗೆ ಸ್ವಿಚ್ ಇಲ್ಲ. ಬಿಚ್ಚಿದ ಪ್ಯಾಕಿನ ಎರಡು ತುದಿಗೆ ಉಂಗುರ ತಗುಲಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸ ಸಿಮೆಂಟ್ ಅಥವಾ ಟೈಲ್ಸ್ ನೆಲದ ಮೇಲಿರಲಿ. ಕಾಫಿ ಗೋದಾಮು, ಗೋಣಿಚೀಲದ ರಾಶಿ, ಮರದ ಹೊಟ್ಟು ಬಿದ್ದಿರುವ ಬಡಗಿಯ ಕೊಟ್ಟಿಗೆ, ಇವುಗಳಲ್ಲಿ ಯಾವುದೂ ಬೇಡ. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಣ ಮರಳಿನ ಬಕೆಟ್, ಸ್ವಲ್ಪ ದೂರದಲ್ಲಿ ನೀರು. ಲಿಥಿಯಮ್ ಪ್ಯಾಕ್ ಆದರೆ ಪೂರ್ತಿ ಚಾರ್ಜ್ ಇರುವಾಗ ಬಿಚ್ಚಬೇಡಿ; ಅರ್ಧಕ್ಕಿಂತ ಕಡಿಮೆ ಇರುವಾಗ ಬಿಚ್ಚಿದರೆ ಎಡವಟ್ಟಾದರೂ ಅಪಾಯ ಕಡಿಮೆ.

ಪ್ಯಾಕ್ ಯಾವ ಜಾತಿಯದು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಹಳೆಯವು ಬಹುತೇಕ ನಿಕಲ್-ಕ್ಯಾಡ್ಮಿಯಮ್, ಕೆಲವು ನಿಕಲ್-ಮೆಟಲ್ ಹೈಡ್ರೈಡ್. ಎರಡರಲ್ಲೂ ಒಂದು ಸೆಲ್‌ಗೆ 1.2 ವೋಲ್ಟ್ ಲೆಕ್ಕ. 12 ವೋಲ್ಟಿಗೆ 10 ಸೆಲ್, 14.4ಕ್ಕೆ 12, 18ಕ್ಕೆ 15. ಲಿಥಿಯಮ್-ಅಯಾನ್ ಸೆಲ್‌ಗೆ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಹೀಗಾಗಿ 18 ವೋಲ್ಟ್, 20 ವೋಲ್ಟ್, 21 ವೋಲ್ಟ್ ಎಂದು ಬರೆದಿರುವ ಲಿಥಿಯಮ್ ಪ್ಯಾಕ್‌ಗಳೆಲ್ಲ ಒಳಗೆ ಒಂದೇ: ಸಾಲಾಗಿ 5 ಸೆಲ್ ಅಥವಾ ಐದು ಗುಂಪು (ಸಮಾಂತರವಾಗಿ ಬೆಸೆದ ಸೆಲ್‌ಗಳು ಸೇರಿ ಒಂದು ಗುಂಪು). ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಗರಗಸಗಳ ಮೇಲಿನ 48, 88 ಎಂಬ ಸಂಖ್ಯೆಗಳನ್ನು ನಂಬಬೇಡಿ. ಬಿಚ್ಚಿದರೆ ಅವುಗಳಲ್ಲೂ ಸಾಮಾನ್ಯವಾಗಿ ಅದೇ ಐದು. ಬೋರ್ಡೋ ದ್ರಾವಣ ಹೊಡೆಯುವ ಬೆನ್ನಿನ ಸ್ಪ್ರೇಯರ್‌ನಲ್ಲಿ ಹೆಚ್ಚಾಗಿ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಅದನ್ನು ಬಿಚ್ಚಿ ಕಟ್ಟುವ ಮಾತೇ ಇಲ್ಲ, ಇಡಿಯಾಗಿ ಬದಲಿಸಬೇಕು.

## ಟ್ರಿಗರ್ ಒತ್ತಿದರೆ ಸದ್ದೇ ಇಲ್ಲ

ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡೋಣ. ಪ್ಯಾಕ್ ಹೊರಗೆ ತೆಗೆದು ಲೋಹದ ಪಟ್ಟಿಗಳನ್ನು ನೋಡಿ. ಮಲೆನಾಡಿನಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದ ದಿನಗಳಲ್ಲಿ ಮೂಲೆಯಲ್ಲಿಟ್ಟ ಉಪಕರಣದ ತಾಮ್ರದ ಭಾಗಗಳಿಗೆ ಹಸಿರು ಕಿಲುಬು ಹಿಡಿಯುವುದು ಮಾಮೂಲು. ನಯವಾದ ಮರಳು ಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಹಾಕಿ ನೋಡಿ. ಉಪಕರಣದ ಕಡೆಯ ಪಟ್ಟಿಗಳು ಸಡಿಲವಾಗಿ ಅಗಲಗೊಂಡಿದ್ದರೆ ಮೂಗಿನ ಇಕ್ಕುಳದಿಂದ ಸ್ವಲ್ಪ ಬಿಗಿ ಮಾಡಿ.

ಆಮೇಲೆ ಪ್ಯಾಕಿನ ಪ್ಲಸ್ ಮತ್ತು ಮೈನಸ್ ನಡುವೆ ವೋಲ್ಟ್ ಅಳೆಯಿರಿ. ಸರಿಯಾದ ವೋಲ್ಟ್ ಬಂದರೆ ಪ್ಯಾಕ್ ಸದ್ಯಕ್ಕೆ ಬಚಾವ್. ಮೋಟಾರಿನ ಕಾರ್ಬನ್ ಬ್ರಷ್, ಟ್ರಿಗರ್ ಸ್ವಿಚ್ ಕಡೆ ಗಮನ ಕೊಡಿ. ಟ್ರಿಗರ್ ಒತ್ತಿ ಹಿಡಿದು ಚಕ್ ಅನ್ನು ಕೈಯಿಂದ ತುಸು ತಿರುಗಿಸಿದಾಗ ಮೋಟಾರ್ ಒಮ್ಮೆ ಜಗ್ಗಿದರೆ ಬ್ರಷ್ ಸವೆದಿದೆ ಎಂದು ಬಹುಮಟ್ಟಿಗೆ ಖಾತ್ರಿ. ಬಿಟ್ ಹಾಕಿಕೊಂಡು ಇದನ್ನು ಮಾಡಬೇಡಿ, ಗರಗಸದಲ್ಲಂತೂ ಮಾಡಲೇಬೇಡಿ.

ಸೊನ್ನೆ ವೋಲ್ಟ್ ಬಂದರೆ ಎರಡು ಸಾಧ್ಯತೆ. ನಿಕಲ್ ಪ್ಯಾಕ್‌ನಲ್ಲಿ ಒಳಗಿನ ಬೆಸುಗೆ ಬಿಟ್ಟಿದೆ ಅಥವಾ ಅತಿಯಾಗಿ ಕಾದರೆ ಕಡಿಯುವ ಥರ್ಮಲ್ ಫ್ಯೂಸ್ ಹೋಗಿದೆ. ಲಿಥಿಯಮ್‌ನಲ್ಲಿ ರಕ್ಷಣಾ ಬೋರ್ಡ್, ಅಂದರೆ ಬಿಎಂಎಸ್, ಹೊರಹರಿವನ್ನು ಕಡಿದು ಹಾಕಿದೆ. ಕೆಲವೊಮ್ಮೆ ಚಾರ್ಜರ್‌ಗೆ ಒಂದು ನಿಮಿಷ ಸಿಕ್ಕಿಸಿದರೆ ಬೋರ್ಡ್ ಮತ್ತೆ ಎಚ್ಚರಗೊಳ್ಳುತ್ತದೆ.

## ಚಾರ್ಜರ್ ದೀಪ ಮಿನುಗುತ್ತದೆ, ಚಾರ್ಜ್ ಹತ್ತುವುದಿಲ್ಲ

ಈಗಷ್ಟೇ ಕೆಲಸ ಮಾಡಿ ಬಿಸಿಯಾದ ಪ್ಯಾಕನ್ನೋ ಬಿಸಿಲಲ್ಲಿ ಕಣದ ಅಂಚಿನಲ್ಲಿ ಬಿದ್ದಿದ್ದ ಪ್ಯಾಕನ್ನೋ ತಂದು ಸಿಕ್ಕಿಸಿದರೆ ಚಾರ್ಜರ್ ನಿರಾಕರಿಸುವುದು ದೋಷವಲ್ಲ, ವಿವೇಕ. ಅರ್ಧ ಗಂಟೆ ನೆರಳಲ್ಲಿಟ್ಟು ಮತ್ತೆ ನೋಡಿ.

ತಣ್ಣಗಿದ್ದರೂ ಹಾಗೇ ಮಾಡಿದರೆ ಇನ್ನೊಂದು ಒಳ್ಳೆಯ ಪ್ಯಾಕ್ ಹಾಕಿ ನೋಡುವುದೇ ಹತ್ತಿರದ ದಾರಿ. ಅದೂ ಹತ್ತದಿದ್ದರೆ ಚಾರ್ಜರ್‌ನದೇ ತಪ್ಪು. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿನ ಕಾಲದಲ್ಲಿ ಗೋಡೆಗೆ ಸಿಕ್ಕಿಸಿಯೇ ಬಿಟ್ಟ ಚಾರ್ಜರ್‌ಗಳು ಸುಡುವುದು ಹೆಚ್ಚು. ಮೀಟರ್ ಹಿಡಿದು ಪರೀಕ್ಷಿಸುವವರು ಒಂದು ವಿಷಯ ನೆನಪಿಡಿ: ಸಾದಾ ಅಡಾಪ್ಟರ್ ಮಾದರಿಯ ಚಾರ್ಜರ್ ಖಾಲಿ ಇದ್ದಾಗಲೂ ವೋಲ್ಟ್ ತೋರಿಸುತ್ತದೆ, ಬುದ್ಧಿವಂತ ಚಾರ್ಜರ್ ಪ್ಯಾಕನ್ನು ಗುರುತಿಸುವ ತನಕ ಸೊನ್ನೆಯನ್ನೇ ತೋರಿಸಬಹುದು. ಸೊನ್ನೆ ಬಂತೆಂದು ಅದನ್ನು ಗುಜರಿಗೆ ಹಾಕಬೇಡಿ.

ಚಾರ್ಜರ್ ಸರಿಯಿದ್ದು ಈ ಪ್ಯಾಕನ್ನು ಮಾತ್ರ ಒಪ್ಪದಿದ್ದರೆ, ಪ್ಯಾಕಿನ ಮೂರನೆಯ ಅಥವಾ ನಾಲ್ಕನೆಯ ಟರ್ಮಿನಲ್ ನೋಡಿ. ಅದು ಸಾಮಾನ್ಯವಾಗಿ ಉಷ್ಣತೆ ಅಳೆಯುವ ಥರ್ಮಿಸ್ಟರ್‌ನದು. ಅದಕ್ಕೂ ಮೈನಸ್‌ಗೂ ನಡುವೆ ರೋಧ ಅಳೆದರೆ ಅನೇಕ ಪ್ಯಾಕ್‌ಗಳಲ್ಲಿ 25 ಡಿಗ್ರಿಯಲ್ಲಿ 10 ಕಿಲೋ ಓಮ್ ಆಸುಪಾಸು ಸಿಗುತ್ತದೆ. ಅನಂತ ಎಂದು ತೋರಿಸಿದರೆ ತಂತಿ ಕಡಿದಿರುವ ಸಂಭವವೇ ಹೆಚ್ಚು. ಸೆಲ್ ಬದಲಿಸದೆ ಒಂದು ಬೆಸುಗೆಯಲ್ಲಿ ಮುಗಿಯುವ ಕೆಲಸ.

ಇದೂ ಸರಿಯಿದ್ದು ಪ್ಯಾಕಿನ ವೋಲ್ಟ್ ತೀರಾ ಕೆಳಗಿದ್ದರೆ, ಉದಾಹರಣೆಗೆ ಐದು ಸೆಲ್‌ನ ಲಿಥಿಯಮ್ ಪ್ಯಾಕ್ 10 ವೋಲ್ಟಿಗೆ ಇಳಿದಿದ್ದರೆ, ಚಾರ್ಜರ್ ಬೇಕೆಂದೇ ನಿರಾಕರಿಸುತ್ತಿದೆ. ಬೇರೆ ಪ್ಯಾಕಿನಿಂದ ತಂತಿ ಎಳೆದು ಒಂದಿಷ್ಟು ಕರೆಂಟ್ ತುಂಬಿ ಎಬ್ಬಿಸುವ ವೀಡಿಯೊಗಳು ಬೇಕಾದಷ್ಟಿವೆ. ಲಿಥಿಯಮ್ ವಿಷಯದಲ್ಲಿ ಅದನ್ನು ಮಾಡಬೇಡಿ ಎಂದೇ ನನ್ನ ಖಚಿತ ಅಭಿಪ್ರಾಯ. ಸೆಲ್ 2 ವೋಲ್ಟಿಗಿಂತ ಕೆಳಗೆ ಬಹಳ ದಿನ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಲು ತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಮಾಡಬಲ್ಲದು. ಎಬ್ಬಿಸಿದ ದಿನ ಏನೂ ಆಗುವುದಿಲ್ಲ; ಎಲ್ಲರೂ ಮಲಗಿದ ಮೇಲೆ ಚಾರ್ಜ್‌ಗೆ ಇಟ್ಟಾಗ ಆಗಬಹುದು.

## ಗಾಳಿಯಲ್ಲಿ ಸೊಗಸಾಗಿ ತಿರುಗುತ್ತದೆ, ಮರಕ್ಕೆ ಇಟ್ಟರೆ ನಿಲ್ಲುತ್ತದೆ

ಬರುವ ದೂರುಗಳಲ್ಲಿ ದೊಡ್ಡ ಪಾಲು ಇದೇ. ಜೊತೆಗೆ ಇನ್ನೊಂದು ಮಾತೂ ಸೇರಿರುತ್ತದೆ: "ಹತ್ತು ನಿಮಿಷದಲ್ಲಿ ಫುಲ್ ಆಗುತ್ತದೆ, ನಾಲ್ಕು ಸ್ಕ್ರೂ ಹಾಕುವಷ್ಟರಲ್ಲಿ ಖಾಲಿ." ಮೀಟರ್ ಇಟ್ಟರೆ ವೋಲ್ಟ್ ಸರಿಯಾಗಿಯೇ ಕಾಣುತ್ತದೆ. ಸುಮ್ಮನೆ ಕೂತ ಪ್ಯಾಕಿನ ವೋಲ್ಟ್ ನಂಬುವ ಹಾಗಿಲ್ಲ. ಭಾರ ಹೊರಿಸಿ ಕೇಳಿದರೆ ಮಾತ್ರ ಅದು ನಿಜ ಹೇಳುತ್ತದೆ.

ಭಾರಕ್ಕೆ ಹೆಡ್‌ಲೈಟ್ ಬಲ್ಬ್. 12 ವೋಲ್ಟಿನ ಪ್ಯಾಕಿಗೆ ಒಂದು ಬಲ್ಬ್ ಸಾಕು. 14.4 ರಿಂದ 20 ವೋಲ್ಟಿನದಕ್ಕೆ ಎರಡು ಬಲ್ಬನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಿ. ಹೆಚ್ಚು ಕಡಿಮೆ 4 ಆಂಪಿಯರ್ ಹರಿಯುತ್ತದೆ. ಮೊದಲು ಖಾಲಿ ವೋಲ್ಟ್ ಬರೆದುಕೊಳ್ಳಿ, ಬಲ್ಬ್ ಹೊತ್ತಿಸಿ ಹತ್ತು ಸೆಕೆಂಡ್ ಬಿಟ್ಟು ಪ್ಯಾಕಿನ ಟರ್ಮಿನಲ್‌ನಲ್ಲೇ ಮತ್ತೆ ಅಳೆಯಿರಿ. ಬಲ್ಬಿನ ಗಾಜು ಮುಟ್ಟಬೇಡಿ, ಅದನ್ನು ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಐದು ಸೆಲ್‌ನ ಲಿಥಿಯಮ್ ಪ್ಯಾಕ್ 1 ವೋಲ್ಟಿಗಿಂತ ಕಡಿಮೆ ಇಳಿದರೆ ಸೆಲ್‌ಗಳು ಗಟ್ಟಿಯಾಗಿವೆ. 2 ವೋಲ್ಟ್ ಇಳಿದರೆ ಲೆಕ್ಕ ಹಾಕಿ: 4 ಆಂಪಿಯರ್‌ಗೆ 2 ವೋಲ್ಟ್ ಅಂದರೆ ಒಳರೋಧ ಅರ್ಧ ಓಮ್. ಸ್ಕ್ರೂ ಬಿಗಿಯಾಗುವ ಹೊತ್ತಿಗೆ ಡ್ರಿಲ್ 20 ಆಂಪಿಯರ್ ಕೇಳಿತು ಎನ್ನಿ, 10 ವೋಲ್ಟ್ ಪ್ಯಾಕಿನ ಹೊಟ್ಟೆಯಲ್ಲೇ ಉರಿದು ಹೋಯಿತು. ಮೋಟಾರಿಗೆ ಸಿಕ್ಕಿದ್ದು ಉಳಿದರ್ಧ. ಪ್ಯಾಕ್ ಬಿಸಿಯಾಗುವುದಕ್ಕೂ ಇದೇ ಕಾರಣ. ಚಾರ್ಜರ್ ಹತ್ತೇ ನಿಮಿಷಕ್ಕೆ ಹಸಿರು ದೀಪ ಹೊತ್ತಿಸುವುದೂ ಇದರಿಂದಲೇ: ಕರೆಂಟ್ ನುಗ್ಗಿಸಿದ ಕೂಡಲೇ ರೋಧದಿಂದಾಗಿ ವೋಲ್ಟ್ ಮೇಲೆ ಹಾರುತ್ತದೆ, ಚಾರ್ಜರ್ ತುಂಬಿತು ಎಂದುಕೊಳ್ಳುತ್ತದೆ. ಇಂಥ ಪ್ಯಾಕಿಗೆ ಸೆಲ್ ಬದಲಿಸದೆ ಗತಿಯಿಲ್ಲ.

ಬಲ್ಬ್ ಹೊತ್ತಿದ ತಕ್ಷಣ ಪ್ಯಾಕ್ ಸೊನ್ನೆಗೆ ಬಿದ್ದರೆ ಕಥೆ ಬೇರೆ. ಬೋರ್ಡ್ ಕಡಿಯುತ್ತಿದೆ; ಯಾವುದೋ ಒಂದು ಗುಂಪು ಮಾತ್ರ ಕೆಳಗಿದೆ. ಉಳಿದವು ಚೆನ್ನಾಗಿರಬಹುದು.

ನಿಕಲ್ ಪ್ಯಾಕ್‌ನಲ್ಲಿ ಖಾಲಿ ವೋಲ್ಟಿನ ಅಳತೆಯೇ ಒಂದು ಗುಟ್ಟು ಹೇಳುತ್ತದೆ. 12 ವೋಲ್ಟಿನ ಪ್ಯಾಕನ್ನು ಪೂರ್ತಿ ಚಾರ್ಜ್ ಮಾಡಿ ಗಂಟೆ ಬಿಟ್ಟು ಅಳೆದಾಗ 12.2 ಬಂದರೆ ಮಾಲೀಕನಿಗೆ ಖುಷಿ, ಲೇಬಲ್ ಮೇಲೆ 12 ಎಂದೇ ಇದೆಯಲ್ಲ. ಆದರೆ ತುಂಬಿದ ಸೆಲ್ ಒಂದಕ್ಕೆ 1.35ರ ಹತ್ತಿರ ಇರಬೇಕು, ಹತ್ತಕ್ಕೆ 13.5. ಕಡಿಮೆ ಬಿದ್ದ 1.3 ವೋಲ್ಟ್ ಎಂದರೆ ಸರಿಯಾಗಿ ಒಂದು ಸೆಲ್ ಶಾರ್ಟ್ ಆಗಿ ಸೊನ್ನೆಯಾಗಿದೆ. 11ರ ಹತ್ತಿರ ಬಂದರೆ ಎರಡು.

ಇಲ್ಲಿ ಒಂದು ಹಳೆಯ ಉಪದೇಶದ ಬಗ್ಗೆ ಹೇಳಲೇಬೇಕು. ಪೂರ್ತಿ ಖಾಲಿಯಾಗುವ ಮುನ್ನವೇ ಚಾರ್ಜ್ ಮಾಡಿ ಮಾಡಿ ಸಾಮರ್ಥ್ಯ ಕುಗ್ಗುತ್ತದೆ ಎನ್ನುವ "ಮೆಮೊರಿ" ಕಳೆಯಲು ಟ್ರಿಗರ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಮೋಟಾರ್ ನಿಲ್ಲುವ ತನಕ ಓಡಿಸಿ ಎಂದು ಹೇಳುವವರಿದ್ದಾರೆ. ಸಾಲಾಗಿ ಜೋಡಿಸಿದ ಸೆಲ್‌ಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಉಳಿದವು ಅದರ ಮೂಲಕ ತಿರುವುಮುರುವಾಗಿ ಕರೆಂಟ್ ನುಗ್ಗಿಸುತ್ತವೆ. ಬದುಕಿದ್ದ ಸೆಲ್ ಸಾಯುವುದು ಹೀಗೆಯೇ. ಉಪಕರಣ ಸುಸ್ತಾದಂತೆ ಕಂಡ ಕೂಡಲೇ ನಿಲ್ಲಿಸಿ ಚಾರ್ಜ್‌ಗೆ ಹಾಕಿ, ಅಷ್ಟು ಸಾಕು. ಸತ್ತ ಸೆಲ್‌ಗೆ ಕಾರ್ ಬ್ಯಾಟರಿಯಿಂದ ಕಿಡಿ ಹಾರಿಸಿ ಎಬ್ಬಿಸುವ ವಿದ್ಯೆಯೂ ಇದೆ. ಒಳಗೆ ಬೆಳೆದ ಲೋಹದ ಎಳೆ ಸುಟ್ಟು ಸೆಲ್ ಕೆಲವು ದಿನ ನಡೆಯುತ್ತದೆ. ತೂತಾದ ಪದರ ಹಾಗೇ ಉಳಿಯುವುದರಿಂದ ಮತ್ತೆ ಶಾರ್ಟ್ ಆಗುತ್ತದೆ.

## ರಾತ್ರಿ ತುಂಬಿಸಿಟ್ಟದ್ದು ಬೆಳಿಗ್ಗೆ ಖಾಲಿ

ನಿಕಲ್ ಪ್ಯಾಕ್ ತಿಂಗಳುಗಟ್ಟಲೆ ಇಟ್ಟರೆ ತಾನಾಗಿಯೇ ಇಳಿಯುತ್ತದೆ, ಅದು ಸಹಜ. ಒಂದೇ ರಾತ್ರಿಯಲ್ಲಿ ಇಳಿದರೆ ಒಂದು ಸೆಲ್ ಒಳಗೇ ಸೋರುತ್ತಿದೆ. ಲಿಥಿಯಮ್ ತಿಂಗಳಾದರೂ ಹೆಚ್ಚು ಇಳಿಯಬಾರದು; ಇಳಿದರೆ ಸೆಲ್ ಸೋರುತ್ತಿರಬೇಕು ಇಲ್ಲವೇ ಬೋರ್ಡ್ ತಿನ್ನುತ್ತಿರಬೇಕು. ಪ್ಯಾಕನ್ನು ಉಪಕರಣದಿಂದ ಹೊರಗಿಟ್ಟು ಒಂದು ವಾರ ದಿನಕ್ಕೊಮ್ಮೆ ಅಳೆದರೆ, ತಿನ್ನುತ್ತಿರುವುದು ಉಪಕರಣವೋ ಪ್ಯಾಕೋ ಎಂಬುದು ತಿಳಿಯುತ್ತದೆ.

## ಉಬ್ಬು, ವಾಸನೆ, ಬಿಳಿ ಪುಡಿ

ನಿಕಲ್ ಪ್ಯಾಕಿನ ಸೆಲ್ ತುದಿಯಲ್ಲಿ ಬಿಳಿ ಪುಡಿ ಕಂಡರೆ ಒಳಗಿನ ಕ್ಷಾರ ಸೋರಿ ಒಣಗಿದೆ. ಕೈಗವಸು ಹಾಕಿ, ಹಳೆಯ ಬಟ್ಟೆಗೆ ವಿನೆಗರ್ ಅದ್ದಿ ಒರೆಸಿ. ಆ ಸೆಲ್ ಮುಗಿದಂತೆ.

ಲಿಥಿಯಮ್ ಪ್ಯಾಕ್‌ನಿಂದ ನೇಲ್ ಪಾಲಿಶ್‌ನಂಥ ಸಿಹಿ ವಾಸನೆ, ಸೀ ಸದ್ದು, ಸುಮ್ಮನಿದ್ದಾಗಲೂ ಬಿಸಿ, ಡಬ್ಬಿ ಉಬ್ಬಿ ಜೋಡಣೆ ಬಾಯಿಬಿಟ್ಟಿರುವುದು, ಇವುಗಳಲ್ಲಿ ಒಂದು ಕಂಡರೂ ಕೆಲಸ ಅಲ್ಲಿಗೇ ನಿಲ್ಲಿಸಿ. ಸುರಕ್ಷಿತವಾಗಿ ಎತ್ತಬಹುದಾದರೆ ಹೊರಗೆ ಬಯಲಿನಲ್ಲಿ, ಸುಡುವ ವಸ್ತುಗಳಿಂದ ದೂರ ಇಟ್ಟು ದೂರ ಸರಿಯಿರಿ. ಹೊಗೆ ಉಸಿರಾಡಬೇಡಿ, ಅದು ವಿಷ. ಬೆಂಕಿ ಹತ್ತಿದರೆ ಧಾರಾಳ ನೀರು ಸುರಿದು ತಣಿಸುವುದೇ ಉಪಾಯ. ಮರಳು ಕಿಡಿ ಹಾರದಂತೆ ತಡೆಯುತ್ತದೆ, ಒಳಗಿನ ಕಾವನ್ನು ಇಳಿಸುವುದಿಲ್ಲ. ಮನೆಯೊಳಗೆ ಹತ್ತಿದರೆ ಎಲ್ಲರೂ ಹೊರಬನ್ನಿ, 112ಕ್ಕೆ ಕರೆ ಮಾಡಿ.

## ಬಿಚ್ಚಿದ ಮೇಲೆ: ಯಾವ ಸೆಲ್?

ತಂತಿ, ಪಟ್ಟಿ, ಥರ್ಮಿಸ್ಟರ್ ಎಲ್ಲಿತ್ತು ಎಂಬುದರ ಫೋಟೊ ತೆಗೆದುಕೊಂಡು, ಪ್ರತಿ ಸೆಲ್ ಅಥವಾ ಗುಂಪಿನ ವೋಲ್ಟ್ ಬರೆಯಿರಿ. ಲಿಥಿಯಮ್‌ನಲ್ಲಿ ಗುಂಪುಗಳ ನಡುವೆ 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸಮತೋಲ ತಪ್ಪಿದೆ. ನಾಲ್ಕು 3.9ರಲ್ಲಿದ್ದು ಒಂದು 3.3ರಲ್ಲಿದ್ದರೆ ಸೆಲ್ ಕೆಟ್ಟಿದೆ ಎಂದು ತೀರ್ಮಾನಿಸಲು ಅವಸರ ಬೇಡ. ಕೆಲವು ಬೋರ್ಡ್‌ಗಳು ತಮ್ಮ ಕರೆಂಟನ್ನು ಒಂದೇ ಗುಂಪಿನಿಂದ ಎಳೆಯುತ್ತವೆ, ತಿಂಗಳುಗಟ್ಟಲೆ ಇಟ್ಟರೆ ಅದೊಂದೇ ಬಡವಾಗುತ್ತದೆ. ಆ ಗುಂಪನ್ನು ಮಾತ್ರ 4.2 ವೋಲ್ಟಿಗೆ ನಿಲ್ಲುವ ಒಂಟಿ ಸೆಲ್ ಚಾರ್ಜರ್‌ನಿಂದ ಉಳಿದವುಗಳ ಮಟ್ಟಕ್ಕೆ ತನ್ನಿ, ಕಣ್ಣೆದುರೇ. ವಾರ ಬಿಟ್ಟು ಅಳೆದಾಗ ಸಮನಾಗಿಯೇ ಇದ್ದು ಬಲ್ಬ್ ಪರೀಕ್ಷೆಯಲ್ಲೂ ಗೆದ್ದರೆ ಹೊಸ ಸೆಲ್ ಖರ್ಚು ಉಳಿಯಿತು. ಮತ್ತೆ ಇಳಿದರೆ ಸೆಲ್ ಸೋರುತ್ತಿದೆ.

ಒಂದೇ ಸೆಲ್ ಕೆಟ್ಟಿದ್ದರೆ ಅದೊಂದನ್ನೇ ಬದಲಿಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದ ಗಾಡಿಯ ಪಾಡಾಗುತ್ತದೆ: ಪ್ಯಾಕ್ ದುರ್ಬಲ ಸೆಲ್‌ನಷ್ಟೇ ನಡೆಯುತ್ತದೆ, ಹೊಸದರ ಸಾಮರ್ಥ್ಯ ವ್ಯರ್ಥ. ಎಲ್ಲವನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಮಾದರಿಯವನ್ನು ಹಾಕಿ. ಅಪವಾದ ಒಂದೇ: ಸತ್ತ ಎರಡು ಹಳೆಯ ನಿಕಲ್ ಪ್ಯಾಕ್‌ಗಳಿಂದ ಚೆನ್ನಾಗಿರುವ ಸೆಲ್‌ಗಳನ್ನು ಆರಿಸಿ ಒಂದು ಪ್ಯಾಕ್ ಕಟ್ಟುವುದು. ಮನೆಬಳಕೆಗೆ ನಡೆದೀತು, ಕೂಲಿ ಕೆಲಸಕ್ಕೆ ಅಲ್ಲ.

## ಸೆಲ್ ಕೊಳ್ಳುವಾಗ, ಕಟ್ಟುವಾಗ

ಐರೋಪ್ಯ ಒಕ್ಕೂಟ 2016ರ ಕೊನೆಯಿಂದ ಕಾರ್ಡ್‌ಲೆಸ್ ಉಪಕರಣಗಳಲ್ಲಿ ನಿಕಲ್-ಕ್ಯಾಡ್ಮಿಯಮ್ ಬಳಕೆಗೆ ತೆರೆ ಎಳೆಯಿತು. ಮೂಲ ಪ್ಯಾಕ್‌ಗಳು ಸಿಗುವುದು ಕಷ್ಟವಾದರೂ ಒಳಗೆ ಕೂರುವ ಸಬ್-ಸಿ ಗಾತ್ರದ ಸೆಲ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತವೆ. ತುದಿಗಳಿಗೆ ಕಿವಿಪಟ್ಟಿ (ಟ್ಯಾಬ್) ಬೆಸೆದಿರುವಂಥವನ್ನೇ ಕೊಳ್ಳಿ. ಬೆಸುಗೆ ಪಟ್ಟಿಗೆ ಬೀಳುತ್ತದೆ, ಸೆಲ್ ಬೇಯುವುದಿಲ್ಲ. ಮೆಟಲ್ ಹೈಡ್ರೈಡ್ ಹಾಕುವುದಾದರೆ ನಿಮ್ಮ ವೇಗದ ಚಾರ್ಜರ್ ಅದನ್ನು ಒಪ್ಪುತ್ತದೆಯೇ ಎಂದು ಲೇಬಲ್ ನೋಡಿ.

ಲಿಥಿಯಮ್‌ನಲ್ಲಿ 18650 ಗಾತ್ರ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 9,900 ಎಂಎಎಚ್ (ಮಿಲಿಆಂಪಿಯರ್-ಅವರ್, ಸಾಮರ್ಥ್ಯದ ಅಳತೆ) ಎಂದು ಬರೆದದ್ದು ಕಂಡರೆ ನಗಬಹುದು, ಕೊಳ್ಳಬಾರದು. ಈ ಗಾತ್ರದಲ್ಲಿ ಒಳ್ಳೆಯ ಸೆಲ್‌ಗೂ 3,500ರ ಆಸುಪಾಸೇ ಮಿತಿ. ತೂಕ 45 ಗ್ರಾಂ ಸಮೀಪ ಇರಬೇಕು. ಲ್ಯಾಪ್‌ಟಾಪ್‌ನಿಂದ ಬಿಚ್ಚಿದವು ಟಾರ್ಚ್‌ಗೆ ಸರಿ, ಡ್ರಿಲ್‌ನ ಎಳೆತಕ್ಕೆ ಅಲ್ಲ. 20 ಆಂಪಿಯರ್ ನಿರಂತರ ಕೊಡಬಲ್ಲ 2,500 ಎಂಎಎಚ್‌ನ ಸೆಲ್ ಇಲ್ಲಿ ಹೆಚ್ಚು ಸಾಮರ್ಥ್ಯವಿದ್ದೂ ಅಷ್ಟು ಆಂಪಿಯರ್ ಕೊಡಲಾಗದ ಮೆತ್ತನೆಯ ಸೆಲ್‌ಗಿಂತ ಮೇಲು.

ಲಿಥಿಯಮ್ ಸೆಲ್‌ಗೆ ನೇರವಾಗಿ ಸೋಲ್ಡರಿಂಗ್ ಕಾವಿಯ ಬೆಸುಗೆ ಹಾಕಬೇಡಿ, ಸ್ಪಾಟ್ ವೆಲ್ಡಿಂಗ್ (ಕ್ಷಣಮಾತ್ರದ ಕರೆಂಟಿನಿಂದ ಚುಕ್ಕಿ ಚುಕ್ಕಿಯಾಗಿ ಬೆಸೆಯುವುದು) ಮಾಡಿಸಿ. ಪಟ್ಟಿ ಶುದ್ಧ ನಿಕಲ್‌ನದಾಗಿರಲಿ. ಉಕ್ಕಿಗೆ ನಿಕಲ್ ಲೇಪಿಸಿದ್ದನ್ನು ಪತ್ತೆ ಮಾಡಲು ಒಂದು ತುಂಡನ್ನು ಅರದಿಂದ ಗೀರಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ಇಡಿ. ತುಕ್ಕು ಬಂದರೆ ಉಕ್ಕು. 0.15 ಮಿಲಿಮೀಟರಿನ ಒಂದು ಪದರ ಡ್ರಿಲ್‌ಗೆ ಸಾಲದು, ಎರಡು ಪದರ ಹಾಕಿ. ಪ್ರತಿ ಪ್ಲಸ್ ತುದಿಗೂ ನಿರೋಧಕ ಕಾಗದದ ಉಂಗುರ ಅಂಟಿಸುವುದನ್ನು ಮರೆಯಬೇಡಿ. ಸೆಲ್‌ನ ಹೊರಕವಚವಿಡೀ ಮೈನಸ್. ಕಂಪನಕ್ಕೆ ಅಂಚಿನ ಹೊದಿಕೆ ಸವೆದರೆ ಅಲ್ಲೇ ಶಾರ್ಟ್.

ಹಳೆಯ ನಿಕಲ್ ಉಪಕರಣವನ್ನು ಲಿಥಿಯಮ್‌ಗೆ ಬದಲಿಸಬಹುದು: 12 ವೋಲ್ಟಿಗೆ ಮೂರು ಸೆಲ್, 14.4ಕ್ಕೆ ನಾಲ್ಕು, 18ಕ್ಕೆ ಐದು, ಜೊತೆಗೆ ಅದಕ್ಕೆ ತಕ್ಕ ಬಿಎಂಎಸ್. ಆದರೆ 18650 ಉದ್ದ ಹೆಚ್ಚು, ಹಿಡಿಯೊಳಗೆ ತೂರುವ ಹಳೆಯ ಡಬ್ಬಿಗಳಲ್ಲಿ ಕೂರದಿರಬಹುದು, ಮೊದಲೇ ಅಳೆಯಿರಿ. ಹಳೆಯ ಚಾರ್ಜರ್ ಮಾತ್ರ ಇನ್ನು ಉಪಯೋಗಕ್ಕಿಲ್ಲ. ಮೂರಕ್ಕೆ 12.6, ನಾಲ್ಕಕ್ಕೆ 16.8, ಐದಕ್ಕೆ 21 ವೋಲ್ಟಿನ ಲಿಥಿಯಮ್ ಚಾರ್ಜರ್ ಕೊಳ್ಳಲೇಬೇಕು. ಬಿಎಂಎಸ್ ಇದೆಯಲ್ಲ ಎಂಬ ಧೈರ್ಯ ಬೇಡ; ಅದು ಕೊನೆಯ ತಡೆಗೋಡೆ, ಚಾರ್ಜರ್ ಅಲ್ಲ.

## ಹೊಸ ಸೆಲ್ ಹಾಕಿದರೂ ನಡೆಯುತ್ತಿಲ್ಲ

ಹೊರಗೆ ವೋಲ್ಟೇ ಬರದಿದ್ದರೆ ಬೋರ್ಡ್ ನಿದ್ದೆಯಲ್ಲಿದೆ, ಚಾರ್ಜರ್ ತೋರಿಸಿ ಎಬ್ಬಿಸಿ. ಆಗಲೂ ಇಲ್ಲದಿದ್ದರೆ ಪ್ರತಿ ಗುಂಪಿನಿಂದ ಬೋರ್ಡಿಗೆ ಹೋಗುವ ಸಣ್ಣ ತಂತಿಗಳ ಸರದಿ ತಪ್ಪಿರಬಹುದು. ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ ಮೈನಸ್‌ನಿಂದ ಒಂದೊಂದೇ ಪಿನ್ ಅಳೆದರೆ 3.7, 7.4, 11.1 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಏರದ ಜಾಗದಲ್ಲಿ ತಪ್ಪಿದೆ. ಟ್ರಿಗರ್ ಒತ್ತಿದ ಕೂಡಲೇ ಕಡಿದರೆ ಬೋರ್ಡಿನ ಆಂಪಿಯರ್ ಮಿತಿ ಸಾಲುತ್ತಿಲ್ಲ, ಅಥವಾ ಸೆಲ್ ಮೆತ್ತಗಿದೆ. ಕೆಲವೊಮ್ಮೆ ನಡೆದು ಕೆಲವೊಮ್ಮೆ ನಿಂತರೆ ವೆಲ್ಡಿಂಗ್ ಬಿಟ್ಟಿದೆ. ಒಳ್ಳೆಯ ವೆಲ್ಡ್ ಅನ್ನು ಇಕ್ಕುಳದಿಂದ ಎಳೆದರೆ ಪಟ್ಟಿ ಹರಿಯಬೇಕೇ ಹೊರತು ಚುಕ್ಕಿ ಕಳಚಬಾರದು.

ಎಲ್ಲ ಗುಂಪೂ ಸಮನಾಗಿದ್ದು, ಥರ್ಮಿಸ್ಟರ್ ಸರಿಯಿದ್ದು, ಮೂಲ ಚಾರ್ಜರ್ ಮಾತ್ರ ಒಪ್ಪದಿದ್ದರೆ ಮೂಲ ಬೋರ್ಡಿನ ಚಿಪ್ ಬೀಗ ಹಾಕಿಕೊಂಡಿರುವ ಸಂಭವವಿದೆ. ಹಿಂದೆ ಕಂಡ ದೋಷವನ್ನು ಕೆಲವು ಚಿಪ್‌ಗಳು ನೆನಪಿಟ್ಟುಕೊಂಡಿರುತ್ತವೆ. ಅದನ್ನು ತೆರೆಯುವ ಸಲಕರಣೆ ಇರುವವರ ಬಳಿ ಒಯ್ಯಿರಿ, ಅಥವಾ ಆ ಮಾದರಿಗೆಂದೇ ಸಿಗುವ ಬದಲಿ ಬೋರ್ಡ್ ಹಾಕಿ. ಥರ್ಮಿಸ್ಟರ್ ಜಾಗದಲ್ಲಿ ಸಾದಾ ರೆಸಿಸ್ಟರ್ ಬೆಸೆದು ಚಾರ್ಜರನ್ನು ಮೋಸಗೊಳಿಸುವ ಕೆಲಸಕ್ಕೆ ಮಾತ್ರ ಇಳಿಯಬೇಡಿ.

ತೆಗೆದ ಹಳೆಯ ಸೆಲ್‌ಗಳ ಎರಡೂ ತುದಿಗೆ ಟೇಪ್ ಸುತ್ತಿ. ಕ್ಯಾಡ್ಮಿಯಮ್ ವಿಷಲೋಹ, ತೋಟದ ಗುಂಡಿ, ಗೊಬ್ಬರದ ರಾಶಿ, ಕೆರೆಯ ಏರಿ ಅದರ ಜಾಗವಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಸಣ್ಣ ಬ್ಯಾಟರಿಗಳಿಗೂ ಅನ್ವಯಿಸುತ್ತವೆ, ವಾಪಸು ಸಂಗ್ರಹಿಸುವ ಹೊಣೆ ತಯಾರಕರದು. ಕಂಪನಿಯ ಸೇವಾ ಕೇಂದ್ರಕ್ಕೋ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೋ ಕೊಡಿ, ಸುತ್ತಿಗೆಯಿಂದ ಒಡೆಯುವ ಗುಜರಿಗೆ ಬೇಡ.

ಕಟ್ಟಿ ಮುಗಿದ ಪ್ಯಾಕಿನ ಮೇಲೆ ದಿನಾಂಕ, ಸೆಲ್‌ನ ಜಾತಿ, ಚಾರ್ಜರ್‌ನ ವೋಲ್ಟ್ ಬರೆದು ಅಂಟಿಸಿ. ಲಿಥಿಯಮ್‌ಗೆ ಬದಲಿಸಿದ ಪ್ಯಾಕ್ ಹೊರಗಿನಿಂದ ಹಳೆಯದರಂತೆಯೇ ಕಾಣುತ್ತದೆ, ಹಳೆಯ ಚಾರ್ಜರ್‌ಗೆ ಹಾಗೇ ಕೂರುತ್ತದೆ. ತೋಟದ ರೈಟರೋ ಹೊಸದಾಗಿ ಸೇರಿದ ಹುಡುಗನೋ ತಿಳಿಯದೆ ಸಿಕ್ಕಿಸಿ ಹೋಗುವುದು ಸುಲಭ. ಆ ಚಾರ್ಜರ್‌ಗೆ ಬೇರೆ ಪ್ಯಾಕ್ ಇಲ್ಲದಿದ್ದರೆ, ಗೋಡೆಯಿಂದ ಕಿತ್ತು ಅದರ ವೈರನ್ನು ಕತ್ತರಿಸಿಬಿಡಿ.